ಬೆಲ್ಲ ನೀರಾದರೆ ಕಬ್ಬಿನ ಹಾಲಾಗುತ್ತದೆಯೇ? ದರೋಜಿಯಲ್ಲಿ ದ್ರವ್ಯದ ಬದಲಾವಣೆಗಳನ್ನು ಕಲಿಸಿದ ಅನುಭವ

ತರಗತಿ: 9
ವಿಷಯ: ವಿಜ್ಞಾನ
ಘಟಕ: ದ್ರವ್ಯದ ಗುಣಗಳು ಮತ್ತು ಬದಲಾವಣೆಗಳು
ಅವಧಿ: 40 ನಿಮಿಷಗಳ ಆರು ತರಗತಿಗಳು (ಯೋಜಿಸಿದ್ದು ನಾಲ್ಕು)

ಬೋಧನಾಭ್ಯಾಸದ ಎರಡನೇ ವಾರ, ಈ ಘಟಕದ ಮೊದಲ ಪಾಠದ ಕೊನೆಯ ಐದು ನಿಮಿಷದಲ್ಲಿ ನಾನು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಒಂದು ವಾಕ್ಯ ಬರೆದೆ: ಭೌತ ಬದಲಾವಣೆಯನ್ನು ಹಿಂದಿನ ಸ್ಥಿತಿಗೆ ತರಬಹುದು, ರಾಸಾಯನಿಕ ಬದಲಾವಣೆಯನ್ನು ತರಲಾಗದು. ಮಂಜುಗಡ್ಡೆ ಮತ್ತು ಸುಟ್ಟ ಕಾಗದ, ಎರಡು ಉದಾಹರಣೆ ಕೊಟ್ಟೆ. ಮಕ್ಕಳು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಆಗ ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ಕಬ್ಬಿನ ಹಾಲು ಕಾಸಿದ್ರ ಬೆಲ್ಲ ಆಗತೈತಿ. ನೀರು ಹೋಗತೈತಿ ಅಷ್ಟ. ಹಂಗಂದ್ರ ಬೆಲ್ಲಕ್ಕ ನೀರು ಹಾಕಿದ್ರ ವಾಪಸ್ ಕಬ್ಬಿನ ಹಾಲು ಆಗಬೇಕಲ್ರಿ? ಆಗಂಗಿಲ್ಲ. ಪಾನಕ ಆಗತೈತಿ."

ಅವಳ ತಾಯಿಯ ತವರು ಕಂಪ್ಲಿ ಕಡೆ. ರಜೆಯಲ್ಲಿ ಆಲೆಮನೆಯಲ್ಲಿ ಕೂತು ನೋಡಿದವಳು. ನನಗೆ ಉತ್ತರ ಹೊಳೆಯಲಿಲ್ಲ. "ಅದನ್ನು ಮುಂದಿನ ಪಾಠದಲ್ಲಿ ನೋಡೋಣ" ಎಂದೆ. ಹಿಂದೆ ಕೂತಿದ್ದ ನನ್ನ ಸಹಪಾಠಿ ವೀಕ್ಷಣಾ ಪುಸ್ತಕದಲ್ಲಿ "ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರಿಸಲಿಲ್ಲ" ಎಂದು ಬರೆದಳು. ಸರಿಯಾಗಿಯೇ ಬರೆದಳು.

ಅಂದು ಸಂಜೆ 7ನೇ ತರಗತಿಯ ಪುಸ್ತಕ ತೆಗೆದು ನೋಡಿದೆ. ಭೌತ ಬದಲಾವಣೆಯನ್ನು ಹಿಂದಿರುಗಿಸಬಹುದು ಎನ್ನುವ ಮಾತಿನ ಜೊತೆ ಅಲ್ಲಿ "ಸಾಮಾನ್ಯವಾಗಿ" ಎಂಬ ಪದವಿದೆ. ಆ ಒಂದು ಪದವನ್ನು ನಾನು ಹಲಗೆಯ ಮೇಲೆ ಬಿಟ್ಟಿದ್ದೆ. ಬಹುಶಃ ನಾನು ಓದುವಾಗ ನನಗೆ ಕಲಿಸಿದವರೂ ಬಿಟ್ಟಿದ್ದರು. ಗೈಡ್‌ಗಳಲ್ಲಂತೂ ಅದು ಇರುವುದೇ ಇಲ್ಲ. ಪದ ಹೋದರೆ ಹೋಯಿತು ಎನ್ನುವಂತಿಲ್ಲ. ಸಾಮಾನ್ಯ ಲಕ್ಷಣವೊಂದು ಅಲ್ಲಿಂದಲೇ ವ್ಯಾಖ್ಯೆಯಾಗಿಬಿಡುತ್ತದೆ. ಆ ವ್ಯಾಖ್ಯೆ ಸುಳ್ಳು ಎಂದು ತೋರಿಸಲು ದರೋಜಿಯ ಸುತ್ತ ಬೇಕಾದಷ್ಟು ಪುರಾವೆಗಳಿವೆ ಎಂಬುದು ಮುಂದಿನ ಎರಡು ವಾರಗಳಲ್ಲಿ ಗೊತ್ತಾಯಿತು. ಪಾಠಯೋಜನೆಯನ್ನು ಹೇಗೆ ಬದಲಿಸಿದೆ, ಎಲ್ಲಿ ಮತ್ತೆ ಎಡವಿದೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಎರಡು ಕಲ್ಲು

ಬದಲಾವಣೆಗೆ ಹೋಗುವ ಮೊದಲು ಗುಣಗಳು ಗಟ್ಟಿಯಾಗಬೇಕು ಎಂದು ಮಾರ್ಗದರ್ಶಕರು ಹೇಳಿದರು. ವಸ್ತು ಬದಲಾಯಿತೋ ಇಲ್ಲವೋ ಎಂದು ಹೇಳಲು ಮೊದಲು ಅದರ ಗುರುತು ಗೊತ್ತಿರಬೇಕಲ್ಲ. ಎರಡನೇ ಪಾಠವನ್ನು ಎರಡು ಕಲ್ಲುಗಳಿಂದ ಶುರು ಮಾಡಿದೆ. ಒಂದು ಊರ ಗುಡ್ಡದ ಗ್ರಾನೈಟ್ ಚೂರು, ಇನ್ನೊಂದು ಸಂಡೂರಿನ ಕಬ್ಬಿಣದ ಅದಿರು. ಅದಿರಿನ ತುಂಡನ್ನು ಲಾರಿ ಓಡಿಸುವ ಒಬ್ಬರ ಮಗ ಮನೆಯಿಂದ ತಂದಿದ್ದ. (ಮಕ್ಕಳನ್ನು ಗಣಿ ರಸ್ತೆಗೋ ರೈಲು ಹಳಿಯ ಬದಿಗೋ ಕಲ್ಲು ಆರಿಸಲು ಕಳಿಸಬಾರದು. ಇದನ್ನು ಯೋಜನೆಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.) ಎರಡೂ ಕೈಯಲ್ಲಿ ಹಿಡಿದು ನೋಡಿ ಎಂದಾಗ ತರಗತಿಯೇ "ಕೆಂಪುದು ಭಾರ" ಎಂದಿತು. ನಿಜವಾಗಿ ಕೆಂಪು ತುಂಡು ನೋಡಲು ಸಣ್ಣದಿತ್ತು.

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಕೇಳಿ ತಂದಿದ್ದೆವು. ಗ್ರಾನೈಟ್ 132 ಗ್ರಾಂ, ಅದಿರು 186 ಗ್ರಾಂ. ದಾರ ಕಟ್ಟಿ ಅಳತೆ ಜಾಡಿಯ ನೀರಿಗೆ ಇಳಿಸಿದಾಗ ಗ್ರಾನೈಟ್ 50 ಮಿಲಿಲೀಟರ್ ನೀರನ್ನು ಮೇಲೇರಿಸಿತು, ಅದಿರು 40. ಭಾಗಿಸಿದರೆ ಗ್ರಾನೈಟಿನ ಸಾಂದ್ರತೆ 2.6ರ ಮೇಲೆ, ಅದಿರಿನದು 4.6ರ ಮೇಲೆ. ಶುದ್ಧ ಹೆಮಟೈಟ್ ಖನಿಜದ ಸಾಂದ್ರತೆ ಸುಮಾರು 5.3. ನಮ್ಮ ತುಂಡಿನಲ್ಲಿ ಜೇಡಿಯೂ ಸಣ್ಣ ಸಣ್ಣ ರಂಧ್ರಗಳೂ ಇದ್ದವು, ನೀರಿಗಿಳಿಸಿದಾಗ ಗುಳ್ಳೆಗಳು ಬಂದದ್ದನ್ನು ಮಕ್ಕಳೇ ತೋರಿಸಿದರು. ಆಮೇಲೆ ಗ್ರಾನೈಟನ್ನು ಒಡೆದು ಅರ್ಧ ತುಂಡಿನಲ್ಲಿ ಮತ್ತೆ ಅಳೆಸಿದೆ. ರಾಶಿ ಬದಲಾಯಿತು, ಗಾತ್ರ ಬದಲಾಯಿತು, ಅವುಗಳ ಭಾಗಲಬ್ಧ ಬದಲಾಗಲಿಲ್ಲ. ಸಾಂದ್ರತೆ ಎಂದರೆ ತೂಕವಲ್ಲ, ಅದು ವಸ್ತುವಿನ ಗುರುತು ಎನ್ನುವ ಮಾತು ಇಲ್ಲಿ ಅರ್ಥವಾದಷ್ಟು ಸೂತ್ರ ಬರೆಸಿದಾಗ ಆಗಿರಲಿಲ್ಲ.

ಅಳತೆ ಜಾಡಿಯ ನೀರು ಕೆಂಪಾಗಿತ್ತು. ಕಲ್ಲು ಕರಗಿತೇ ಎಂದು ಕೇಳಿದರು. ಜಾಡಿಯನ್ನು ಅಲ್ಲಾಡಿಸದೆ ಮರುದಿನದವರೆಗೆ ಇಟ್ಟೆವು. ಬೆಳಿಗ್ಗೆ ಮೇಲೆ ತಿಳಿನೀರು, ತಳದಲ್ಲಿ ಕೆಂಪು ಹುಡಿ. ಉಪ್ಪಿನ ನೀರನ್ನು ಎಷ್ಟು ದಿನ ಇಟ್ಟರೂ ಹೀಗೆ ತಿಳಿಯಾಗಿ ಬೇರೆಯಾಗದು ಎಂದು ಹೋಲಿಸಿದಾಗ ದ್ರಾವಣಕ್ಕೂ ನಿಲಂಬನಕ್ಕೂ ಇರುವ ವ್ಯತ್ಯಾಸಕ್ಕೆ ಬೇರೆ ಪಾಠ ಬೇಕಾಗಲಿಲ್ಲ.

ಕಣಗಳ ಚಲನೆಗೆ ಪುಸ್ತಕದಲ್ಲಿ ಊದುಬತ್ತಿಯ ಉದಾಹರಣೆಯಿದೆ. ನಾನು ಕರಡಿಯನ್ನು ತೆಗೆದುಕೊಂಡೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಬಂಡೆಗಳ ಮೇಲೆ ಬೆಲ್ಲ ಬೆರೆತ ಸಿಹಿ ಅಂಟನ್ನು ಸವರಿಡುತ್ತಾರೆ, ಸಂಜೆಗೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ ಎಂಬುದು ಈ ಮಕ್ಕಳಿಗೆಲ್ಲ ಗೊತ್ತು. ಬಂಡೆಯ ಮೇಲಿನ ಬೆಲ್ಲ ದೂರದ ಗುಹೆಯಲ್ಲಿರುವ ಕರಡಿಯ ಮೂಗನ್ನು ಮುಟ್ಟಿದ್ದು ಹೇಗೆ ಎಂಬ ಪ್ರಶ್ನೆಗೆ "ಗಾಳಿ ತಂತು" ಎಂದರು. ಗಾಳಿ ಬೀಸದಿದ್ದರೆ? ಆಗ ವಿಸರಣೆ ಬಂತು. ಬಿಸಿಲಿಗೆ ಕಾದ ಬಂಡೆಯ ಮೇಲೆ ವಾಸನೆ ಏಕೆ ಹೆಚ್ಚು ಎಂಬುದೂ ಬಂತು. ಇದಕ್ಕೆ ಹತ್ತು ನಿಮಿಷ ಸಾಕಾಯಿತು.

ಕೊಪ್ಪರಿಗೆಯೊಳಗೆ ಎಷ್ಟು ಬದಲಾವಣೆಗಳು

ಮೂರನೇ ಪಾಠವನ್ನು ಆ ಹುಡುಗಿಗೇ ಬಿಟ್ಟೆ. ಆಲೆಮನೆಯಲ್ಲಿ ನಡೆಯುವುದನ್ನು ಅವಳು ಕ್ರಮವಾಗಿ ಹೇಳಬೇಕು, ನಾನು ಹಲಗೆಯ ಮೇಲೆ ಬರೆಯಬೇಕು. ಗಾಣದಲ್ಲಿ ಕಬ್ಬು ಅರೆಯುವುದು, ಹಾಲು ಸೋಸುವುದು, ಕೊಪ್ಪರಿಗೆಗೆ ಹಾಕಿ ಒಣಗಿದ ಸಿಪ್ಪೆಯನ್ನೇ ಉರಿಹಚ್ಚಿ ಕಾಸುವುದು, ಸುಣ್ಣ ಹಾಕುವುದು, ಬೆಂಡೆ ಗಿಡವನ್ನು ಜಜ್ಜಿ ಅದರ ಲೋಳೆ ಬಿಡುವುದು, ಮೇಲೆ ಬಂದ ಮಡ್ಡಿ ತೆಗೆಯುವುದು, ಪಾಕ ಬಂತೋ ಇಲ್ಲವೋ ಎಂದು ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು, ಇಳಿಸಿ ತಿರುವುವುದು, ಅಚ್ಚಿಗೆ ಹಾಕುವುದು. ಒಂದು ತಪ್ಪೂ ಇಲ್ಲದೆ ಹೇಳಿದಳು. ನಡುವೆ ಇನ್ನೊಬ್ಬ "ಸುಣ್ಣ ಜಾಸ್ತಿ ಆದ್ರ ಬೆಲ್ಲ ಕರ್ರಗ ಆಗತೈತಿ" ಎಂದು ಸೇರಿಸಿದ.

ನಂತರ ಪ್ರತಿ ಹಂತಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇಲ್ಲಿ ಹೊಸ ವಸ್ತು ಹುಟ್ಟಿತೇ?

ಅರೆಯುವುದರಲ್ಲಿ ಇಲ್ಲ. ಆದರೆ ಅರೆದ ಕಬ್ಬನ್ನು ಮತ್ತೆ ಕಬ್ಬು ಮಾಡಲಾಗದು. ಅಂದರೆ ಭೌತ ಬದಲಾವಣೆ, ಹಿಂದಿರುಗಿಸಲಾಗದು. ನನ್ನ ಹಲಗೆಯ ವಾಕ್ಯ ಇಲ್ಲೇ ಮುರಿಯಿತು. ಹಂಪಿಯ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ತೂತುಗಳನ್ನು ನೋಡಿದ್ದೀರಲ್ಲ, ಬೆಣೆ ಹೊಡೆದು ಸೀಳಿದ ಆ ಕಲ್ಲು ಕಲ್ಲಾಗಿಯೇ ಉಳಿಯಿತು, ಮತ್ತೆ ಕೂಡಲಿಲ್ಲ ಎಂದಾಗ ತಲೆದೂಗಿದರು.

ಕಾಸುವಾಗ ಹಾಲಿನ ಬಹುಪಾಲು ನೀರು ಆವಿಯಾಗುತ್ತದೆ. ನೂರು ಕೆಜಿ ಕಬ್ಬಿಗೆ ಸುಮಾರು ಹತ್ತು ಕೆಜಿ ಬೆಲ್ಲ ಎನ್ನುವ ರೈತರ ಲೆಕ್ಕದಲ್ಲೇ ಎಷ್ಟು ಹೊರಹೋಯಿತು ಎಂಬುದಿದೆ. ಇದು ಭೌತ ಬದಲಾವಣೆ. ಇಲ್ಲೊಂದು ಸ್ವಾರಸ್ಯವಿದೆ. ಶುದ್ಧ ನೀರು ಸಾಮಾನ್ಯ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಎಷ್ಟು ಉರಿ ಹಾಕಿದರೂ ಕುದಿಯುವವರೆಗೆ ಅಲ್ಲೇ ನಿಲ್ಲುತ್ತದೆ. ಕಬ್ಬಿನ ಹಾಲು ಮಿಶ್ರಣ. ನೀರು ಕಡಿಮೆಯಾಗಿ ಸಕ್ಕರೆಯ ಪಾಲು ಹೆಚ್ಚಿದಂತೆ ಅದರ ಕುದಿಯುವ ತಾಪ ಏರುತ್ತಲೇ ಹೋಗಿ, ಇಳಿಸುವ ಹೊತ್ತಿಗೆ ಸುಮಾರು 118 ಡಿಗ್ರಿ ತಲುಪಿರುತ್ತದೆ. ಆಲೆಮನೆಯವರು ಬೆರಳಿನಲ್ಲಿ ಉಂಡೆ ಕಟ್ಟಿ ಅಳೆಯುವುದು ಇದನ್ನೇ. ಪಾಕ ಮೈಮೇಲೆ ಸಿಡಿದರೆ ಕುದಿನೀರಿಗಿಂತ ಕೆಟ್ಟದಾಗಿ ಸುಡುವುದಕ್ಕೆ ಈ ತಾಪವೂ ಪಾಕ ಚರ್ಮಕ್ಕೆ ಅಂಟುವುದೂ ಕಾರಣ.

ಸುಣ್ಣ ಹಾಕಿದಾಗ ಹಾಲಿನಲ್ಲಿರುವ ಹುಳಿ, ಅಂದರೆ ಆಮ್ಲಗಳು, ತಟಸ್ಥವಾಗುತ್ತವೆ. ಹೊಸ ವಸ್ತು ಹುಟ್ಟಿತು, ರಾಸಾಯನಿಕ ಬದಲಾವಣೆ. ಬೆಂಡೆಯ ಲೋಳೆ ಕಸವನ್ನು ಹಿಡಿದು ಮೇಲೆ ತರುತ್ತದೆ, ಅದು ಮುಖ್ಯವಾಗಿ ಬೇರ್ಪಡಿಸುವ ಕೆಲಸ. ಬಣ್ಣ ಕೆಂಚಾಗುವುದು ಬಿಸಿಗೆ ಸಕ್ಕರೆಯ ಸ್ವಲ್ಪ ಭಾಗ ಒಡೆದು ಬೇರೆ ವಸ್ತುಗಳಾಗುವುದರಿಂದ. ಇದೂ ರಾಸಾಯನಿಕ. ಅಚ್ಚಿನಲ್ಲಿ ಗಟ್ಟಿಯಾಗುವುದು ಮತ್ತೆ ಭೌತ.

ಹೀಗೆ ಒಂದೇ ಕೊಪ್ಪರಿಗೆಯಲ್ಲಿ ಎರಡೂ ಬಗೆಯ ಬದಲಾವಣೆಗಳು ಹೆಣೆದುಕೊಂಡಿವೆ. ಬೆಲ್ಲಕ್ಕೆ ನೀರು ಹಾಕಿದರೆ ಕಳೆದುಹೋದ ನೀರು ಮಾತ್ರ ಮರಳುತ್ತದೆ. ತೆಗೆದು ಎಸೆದ ಮಡ್ಡಿ, ಹಾರಿಹೋದ ಕಂಪು, ಸುಣ್ಣದೊಡನೆ ಸೇರಿದ ಹುಳಿ, ಒಡೆದ ಸಕ್ಕರೆ ಮರಳುವುದಿಲ್ಲ. ಅದಕ್ಕೇ ಪಾನಕ. "ಬೆಲ್ಲ ಮಾಡುವುದು ಭೌತವೋ ರಾಸಾಯನಿಕವೋ" ಎಂದು ಒಂದು ಅಂಕದ ಪ್ರಶ್ನೆ ಕೇಳುವುದೇ ತಪ್ಪು ಎಂದು ನನಗೆ ಈಗ ಅನ್ನಿಸುತ್ತದೆ.

ಸಕ್ಕರೆ ಒಡೆಯುವುದನ್ನು ಕಣ್ಣಿಗೆ ತೋರಿಸಲು ಒಣ ಪ್ರನಾಳದಲ್ಲಿ ಒಂದು ಚಮಚ ಸಕ್ಕರೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಕರಗಿತು, ಕೆಂಪಾಯಿತು, ಕೊನೆಗೆ ಕಪ್ಪು ಇದ್ದಿಲಾಯಿತು. ಪ್ರನಾಳದ ತಣ್ಣನೆಯ ಬಾಯಿಯ ಹತ್ತಿರ ನೀರಿನ ಹನಿಗಳು ಕಂಡವು. "ಸಕ್ಕರಿಯೊಳಗ ನೀರು ಎಲ್ಲಿತ್ತು?" ಎಂಬ ಪ್ರಶ್ನೆ ಬಂತು. ಒದ್ದೆ ಬಟ್ಟೆಯಲ್ಲಿ ನೀರು ಇರುವಂತೆ ಇರಲಿಲ್ಲ, ನೀರಾಗಬಲ್ಲ ಹೈಡ್ರೋಜನ್ ಮತ್ತು ಆಕ್ಸಿಜನ್ ಕಾರ್ಬನ್ನಿನೊಡನೆ ಸೇರಿಕೊಂಡಿದ್ದವು ಎಂದು ವಿವರಿಸಿದೆ. ಅರ್ಧ ತರಗತಿಗೆ ಹಿಡಿಸಿತು, ಉಳಿದವರಿಗೆ ಇಲ್ಲ.

ತುಕ್ಕು ತಿಂದರೆ ತೂಕ ಏನಾಗುತ್ತದೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಈ ಭಾಗದ ಮಕ್ಕಳಿಗೆ ಚೆನ್ನಾಗಿ ನೆನಪಿದೆ. ತುಕ್ಕಿನ ಮಾತು ಎತ್ತಿದ ಕೂಡಲೇ ಅದು ಬಂತು. "ಚೈನು ತುಕ್ಕು ಹಿಡಿದಿತ್ತು, ಸವೆದಿತ್ತು." ಸರಪಳಿ ಏಕೆ ತುಂಡಾಯಿತು ಎನ್ನುವುದು ಎಂಜಿನಿಯರುಗಳು ಹೇಳಬೇಕಾದ ಮಾತು, ನಾವು ತರಗತಿಯಲ್ಲಿ ತೀರ್ಮಾನಿಸುವುದು ಬೇಡ ಎಂದೆ. ಆದರೆ "ಸವೆದಿತ್ತು" ಎಂಬ ಪದವನ್ನು ಹಿಡಿದುಕೊಂಡೆ. ಕಬ್ಬಿಣ ತುಕ್ಕು ಹಿಡಿದರೆ ಅದರ ತೂಕ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ, ಹಾಗೇ ಇರುತ್ತದೆಯೋ? ಕೈ ಎತ್ತಿಸಿದಾಗ ಹೆಚ್ಚಿನವರು ಕಡಿಮೆಯಾಗುತ್ತದೆ ಎಂದರು. ನಮ್ಮ ಭಾಷೆಯಲ್ಲೇ ತುಕ್ಕು ಕಬ್ಬಿಣವನ್ನು "ತಿನ್ನುತ್ತದೆ", ಹಾಗಾಗಿ ಆ ಉತ್ತರ ಸಹಜ. ಹದಿನೆಂಟನೇ ಶತಮಾನದ ಯುರೋಪಿನ ವಿಜ್ಞಾನಿಗಳೂ ಲೋಹವನ್ನು ಕಾಸಿ ಭಸ್ಮ ಮಾಡಿದಾಗ ಅದರಿಂದ ಫ್ಲೊಜಿಸ್ಟಾನ್ ಎಂಬುದೊಂದು ಹೊರಹೋಗುತ್ತದೆ ಎಂದು ನಂಬಿದ್ದರು. ಭಸ್ಮದ ತೂಕ ಹೆಚ್ಚಿರುವುದನ್ನು ತಕ್ಕಡಿ ಹಿಡಿದು ಬಿಡದೆ ಅಳೆದು, ಗಾಳಿಯ ಒಂದು ಭಾಗ ಲೋಹಕ್ಕೆ ಸೇರಿಕೊಂಡಿದೆ ಎಂದು ತೋರಿಸಿದವನು ಲವಾಸಿಯೆ.

ನನ್ನ ಮೊದಲ ಪ್ರಯತ್ನ ನಗೆಪಾಟಲಾಯಿತು. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಒದ್ದೆ ಮಾಡಿ ನಾಲ್ಕು ದಿನ ಇಟ್ಟೆ. ಅದು ಹೊಳೆಯುತ್ತಲೇ ಇತ್ತು. ಅದು ಸ್ಟೇನ್‌ಲೆಸ್ ಸ್ಟೀಲ್, ಕ್ರೋಮಿಯಂ ಬೆರೆತದ್ದು, ತುಕ್ಕು ಹಿಡಿಯದಿರಲೆಂದೇ ಮಾಡಿದ್ದು. ಬಿಎಸ್‌ಸಿ ಓದಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಹೊಸಪೇಟೆಯ ಒಂದು ಲೇತ್ ಅಂಗಡಿಯಿಂದ ಕಬ್ಬಿಣದ ಹುಡಿ ತಂದೆ. ಅದಕ್ಕೆ ಎಣ್ಣೆ ಹತ್ತಿರುತ್ತದೆ, ಸೋಪಿನ ನೀರಿನಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಬೇಕು. ಸ್ಟೀಲ್ ತಟ್ಟೆಯಲ್ಲಿ 50 ಗ್ರಾಂ ಹರಡಿ, ತಟ್ಟೆ ಸಮೇತ ತೂಗಿ ಗೋಡೆಗೆ ಚೀಟಿ ಅಂಟಿಸಿದೆವು. ಬೆಳಿಗ್ಗೆ ಸಂಜೆ ನೀರು ಚಿಮುಕಿಸುವುದು ಮಕ್ಕಳ ಪಾಳಿ. ಪಕ್ಕದಲ್ಲಿ ಎಣ್ಣೆ ಸವರಿದ ಹುಡಿಯ ಒಂದು ಲೋಟ. ಕಾಸಿ ಆರಿಸಿದ ನೀರಿನಲ್ಲಿ ಮುಳುಗಿಸಿ ಮೇಲೆ ಎಣ್ಣೆ ಹೊಯ್ದ ಇನ್ನೊಂದು ಲೋಟ. ಹತ್ತು ದಿನದಲ್ಲಿ ತಟ್ಟೆಯ ಹುಡಿ ಕೆಂಪು ಹೆಂಟೆಯಾಗಿತ್ತು, ಲೋಟಗಳಲ್ಲಿ ಬದಲಾವಣೆ ಕಾಣಲಿಲ್ಲ. ಎರಡು ದಿನ ಬಿಸಿಲಿಗೆ ಒಣಗಿಸಿ ತೂಗಿದಾಗ ಹುಡಿಯ ಪಾಲು 54 ಗ್ರಾಂ.

ತರಗತಿ ಗದ್ದಲವಾಯಿತು. ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ: "ಒಳಗ ನೀರು ಉಳಿದೈತಿ ಮೇಡಂ." ನನಗೆ ಅವನ ಮಾತು 54 ಗ್ರಾಂಗಿಂತ ಹೆಚ್ಚು ಸಂತೋಷ ಕೊಟ್ಟಿತು. ಹಾಗಾದರೆ ಏನು ಮಾಡೋಣ ಎಂದೆ. ಅವನೇ ಯೋಚಿಸಿ, ಅಷ್ಟೇ ತೂಕದ ಮರಳನ್ನು ಅದೇ ರೀತಿ ಒದ್ದೆ ಮಾಡಿ, ಅಷ್ಟೇ ದಿನ ಒಣಗಿಸಿ ತೂಗೋಣ ಎಂದ. 50 ಗ್ರಾಂ ಮರಳು 50 ಗ್ರಾಂ ಆಗಿಯೇ ಬಂತು. ಬಿಸಿಲಿಗೆ ಹಸಿ ಹೋಗುತ್ತದೆ ಎಂಬುದು ಇದರಿಂದ ಖಚಿತವಾಯಿತು. ಅವನ ಅನುಮಾನದಲ್ಲೂ ನಿಜವಿತ್ತು ಎಂದು ನಾನು ಸೇರಿಸಬೇಕಾಯಿತು: ತುಕ್ಕಿನಲ್ಲಿ ಆಕ್ಸಿಜನ್ ಜೊತೆಗೆ ನೀರೂ ಸಂಯೋಗಗೊಂಡು ಸೇರಿರುತ್ತದೆ, ಅದು ಬಿಸಿಲಿಗೆ ಹೋಗುವ ಹಸಿಯಲ್ಲ. ಮತ್ತೆ "ಸವೆಯುವುದು" ಸುಳ್ಳೇ? ಅಲ್ಲ. ತುಕ್ಕು ಉದುರಿ ಬೀಳುತ್ತದೆ, ಉಳಿದ ಕಬ್ಬಿಣ ತೆಳುವಾಗುತ್ತದೆ. ನಾವು ಉದುರಿದ್ದನ್ನೂ ತಟ್ಟೆಯಲ್ಲೇ ಹಿಡಿದೆವು, ಆದ್ದರಿಂದ ಸೇರಿದ್ದು ಕಂಡಿತು.

ಗುಡ್ಡವೆಲ್ಲ ತುಕ್ಕೇ?

ಕೆಂಪು ಹೆಂಟೆಯನ್ನು ಅದಿರಿನ ಪಕ್ಕ ಇಟ್ಟಾಗ ಬರಬೇಕಾದ ಪ್ರಶ್ನೆ ಬಂತು: "ಸಂಡೂರು ಗುಡ್ಡ ಎಲ್ಲಾ ತುಕ್ಕು ಹಿಡಿದ ಕಬ್ಬಿಣಾನಾ?" ಗಡಿಬಿಡಿಯಲ್ಲಿ "ಒಂದು ರೀತಿಯಲ್ಲಿ ಹೌದು" ಎಂದೆ. ಇದು ನನ್ನ ಎರಡನೇ ತಪ್ಪು. ತರಗತಿ ಮುಗಿದ ಮೇಲೆ ಮಾರ್ಗದರ್ಶಕರು, "ಹಾಗಾದರೆ ಮೊದಲು ಅಲ್ಲಿ ಕಬ್ಬಿಣದ ಗುಡ್ಡವಿತ್ತೇ?" ಎಂದು ಕೇಳಿದರು. ಮರುದಿನ ತಿದ್ದಿದೆ. ಅಲ್ಲಿ ಮೊದಲು ಲೋಹವಿರಲಿಲ್ಲ. 250 ಕೋಟಿ ವರ್ಷಗಳಿಗೂ ಹಿಂದಿನ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಕ್ಸಿಜನ್ನಿನೊಡನೆ ಸೇರಿ ಕರಗದ ವಸ್ತುವಾಗಿ ತಳಕ್ಕಿಳಿದು ಪದರ ಪದರವಾಗಿ ಕೂತಿತು. ವಸ್ತುಗಳ ಕುಟುಂಬ ಒಂದೇ, ಹುಟ್ಟಿದ ದಾರಿ ಬೇರೆ. ತಪ್ಪು ಒಪ್ಪಿಕೊಂಡರೆ ಮಕ್ಕಳು ಹಗುರವಾಗಿ ಕಾಣುತ್ತಾರೆ ಎಂಬ ಭಯವಿತ್ತು. ಹಾಗೇನೂ ಆಗಲಿಲ್ಲ, "ಅದಕ್ಕ ಪದರ ಪದರ ಕಾಣತಾವು" ಎಂದು ಲಾರಿಯವರ ಮಗ ಮುಂದುವರಿಸಿದ.

ಇಲ್ಲಿಂದ ತೋರಣಗಲ್ಲಿಗೆ ಹೋಗುವುದು ಸುಲಭವಾಯಿತು. ದೋಣಿಮಲೈನಲ್ಲಿ ಎನ್‌ಎಂಡಿಸಿ 1977ರಿಂದ ಅದಿರು ತೆಗೆಯುತ್ತಿದೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿ ಕೆಲಸ ಮಾಡುವ ತಂದೆಯರು, ಚಿಕ್ಕಪ್ಪಂದಿರು ತರಗತಿಯಲ್ಲಿ ಹಲವರಿಗಿದ್ದಾರೆ. ಊದುಕುಲುಮೆಗೆ ಅದಿರಿನ ಜೊತೆ ಕೋಕ್ ಮತ್ತು ಸುಣ್ಣದಕಲ್ಲು ಹಾಕುತ್ತಾರೆ. ಕೋಕ್ ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅದಿರಿನ ಆಕ್ಸಿಜನ್ನನ್ನು ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಕಬ್ಬಿಣ ಉಳಿಯುತ್ತದೆ. ಲೆಕ್ಕ ಮಾಡಿಸಿದೆ: ಫೆರಿಕ್ ಆಕ್ಸೈಡಿನ ಒಂದು ಘಟಕದಲ್ಲಿ ಎರಡು ಕಬ್ಬಿಣ, ಮೂರು ಆಕ್ಸಿಜನ್. ಕಬ್ಬಿಣ 56ರಂತೆ 112, ಆಕ್ಸಿಜನ್ 16ರಂತೆ 48, ಒಟ್ಟು 160. ಅಂದರೆ ಶುದ್ಧ ಹೆಮಟೈಟ್ ಆದರೂ ನೂರು ಕೆಜಿಗೆ 70 ಕೆಜಿಗಿಂತ ಹೆಚ್ಚು ಕಬ್ಬಿಣ ಬರದು. ಅದಿರಿಗೆ "ಅರವತ್ತೈದರ ಮಾಲು" ಎಂದು ಲಾರಿಯವರು ಹೇಳುವುದರ ಅರ್ಥ ಅವರ ಮಕ್ಕಳಿಗೆ ಅಂದು ತಿಳಿಯಿತು.

ಒಬ್ಬಳು ಕೇಳಿದಳು: ನಮ್ಮ ತಟ್ಟೆಯ ತುಕ್ಕನ್ನೂ ಕುಲುಮೆಗೆ ಹಾಕಬಹುದೇ? ಹಾಕಬಹುದು. ಕಬ್ಬಿಣವಾಗಿಯೇ ಬರುತ್ತದೆ. ಅಂದರೆ ರಾಸಾಯನಿಕ ಬದಲಾವಣೆ, ಆದರೂ ಹಿಂದಿರುಗಿಸಬಹುದು. ಅದಕ್ಕೆ ಕೋಕ್ ಬೇಕು, ಭಾರೀ ಬಿಸಿ ಬೇಕು, ಇನ್ನೊಂದು ರಾಸಾಯನಿಕ ಬದಲಾವಣೆಯೇ ಬೇಕು. ಹಲಗೆಯ ಮೊದಲ ವಾಕ್ಯದ ಎರಡನೇ ಅರ್ಧವೂ ಹೋಯಿತು. ಅದನ್ನು ಮಕ್ಕಳ ನೋಟ್ ಪುಸ್ತಕಗಳಲ್ಲಿ ಅಡ್ಡಗೆರೆ ಎಳೆಸಿ, "ಹೊಸ ವಸ್ತು ಹುಟ್ಟಿತೇ ಎಂದು ಕೇಳು, ಅದಕ್ಕೆ ಗುಣಗಳೇ ಸಾಕ್ಷಿ" ಎಂದು ಬರೆಸಿದೆ. ಅಳಿಸಲು ಬಿಡಲಿಲ್ಲ, ತಪ್ಪು ಕಾಣುತ್ತಿರಲಿ ಎಂದು.

ಮೌಲ್ಯಮಾಪನದಲ್ಲಿ ಕಂಡದ್ದು

ಕೊನೆಯ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ: "ಪರೀಕ್ಷೆಗೆ ಯಾವುದು ಬರೀಬೇಕ್ರಿ?" ಗೈಡಿನಲ್ಲಿ ಹಳೆಯ ವಾಕ್ಯವಿದೆ, ಉತ್ತರ ಪತ್ರಿಕೆ ನೋಡುವವರೂ ಅದನ್ನೇ ಹುಡುಕಬಹುದು. ಅಂಕ ಹೋದರೆ ಹೊಣೆ ಯಾರು? ನಾನು ಹೇಳಿದ್ದು ಇಷ್ಟು: ಮೊದಲು ಹೊಸ ವಸ್ತುವಿನ ಮಾತು ಬರೆಯಿರಿ, ಅದು ಪಠ್ಯಪುಸ್ತಕದಲ್ಲೂ ಇದೆ. ಹಿಂದಿರುಗಿಸುವ ಮಾತು ಬರೆಯುವುದಾದರೆ "ಸಾಮಾನ್ಯವಾಗಿ" ಎಂಬ ಪದ ಬಿಡಬೇಡಿ. ಇದು ಸಂಧಾನದ ಉತ್ತರ ಎಂದು ಗೊತ್ತಿದೆ. ಬೋಧಕರು ಇದಕ್ಕಿಂತ ಉತ್ತಮವಾದದ್ದನ್ನು ಸೂಚಿಸಿದರೆ ಸ್ವೀಕರಿಸುತ್ತೇನೆ.

ಕಿರುಪರೀಕ್ಷೆಯಲ್ಲಿ ಕೇಳಿದ್ದು ನಾಲ್ಕೇ ಪ್ರಶ್ನೆ. ಮೆಣಸಿನಕಾಯಿ ಕುಟ್ಟುವುದು, ಹಾಲು ಹೆಪ್ಪುಗಟ್ಟುವುದು, ಸುಟ್ಟ ಸುಣ್ಣಕ್ಕೆ ನೀರು ಹಾಕುವುದು, ಮೇಣದಬತ್ತಿ ಉರಿಯುವುದು. ಪ್ರತಿಯೊಂದರಲ್ಲೂ ಯಾವ ಗುಣ ಬದಲಾಯಿತು, ಹೊಸ ವಸ್ತು ಹುಟ್ಟಿತೇ ಎಂದು ಬರೆಯಬೇಕು. ಮೆಣಸಿನಕಾಯಿ ಬಹುತೇಕ ಎಲ್ಲರಿಗೂ ಸರಿಯಾಯಿತು. ಮೇಣದಬತ್ತಿಯಲ್ಲಿ ಕರಗುವುದನ್ನೂ ಉರಿಯುವುದನ್ನೂ ಬೇರೆ ಮಾಡಿ ಬರೆದವರು ಹೆಚ್ಚಿಗೆ ಇದ್ದರು, ಬೆಲ್ಲದ ಪಾಠ ಇಲ್ಲಿ ಕೆಲಸ ಮಾಡಿತ್ತು. ಸುಣ್ಣದಲ್ಲಿ ಸೋತೆವು. ನೀರು ಕುದಿಯುವಷ್ಟು ಬಿಸಿಯಾಗುವುದನ್ನು ಎಲ್ಲರೂ ಮನೆಯಲ್ಲಿ ನೋಡಿದ್ದರು, ಆದರೆ ಅನೇಕರು "ಸುಣ್ಣ ನೀರಿನಲ್ಲಿ ಕರಗಿತು, ಭೌತ" ಎಂದು ಬರೆದಿದ್ದರು. ಬಿಸಿ ಎಲ್ಲಿಂದ ಬಂತು ಎಂದು ನಾನು ಆರು ಪಾಠಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಬದಲಾವಣೆಯ ಜೊತೆ ಶಕ್ತಿಯ ಲೆಕ್ಕವನ್ನೂ ಇಡಬೇಕಿತ್ತು.

ಮುಂದೆ ಈ ಘಟಕ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಕಬ್ಬಿಣದ ಹುಡಿಯನ್ನು ಘಟಕ ಶುರುವಾಗುವ ಹತ್ತು ದಿನ ಮೊದಲೇ ಇಡಿ, ಮರಳಿನ ತಟ್ಟೆಯನ್ನೂ ಅದರ ಪಕ್ಕದಲ್ಲೇ ಇಡಿ. ನಮ್ಮ ತಟ್ಟೆ ಇನ್ನೂ ಆ ಶಾಲೆಯ ವಿಜ್ಞಾನ ಕೊಠಡಿಯ ಕಿಟಕಿಯಲ್ಲಿದೆ. ತೂಕ ಇನ್ನೂ ಏರುತ್ತದೆಯೋ ನೋಡುತ್ತೇವೆ ಎಂದು ಮಕ್ಕಳು ಅದನ್ನು ಎಸೆಯಲು ಬಿಡಲಿಲ್ಲ.